ಬ್ರಾಡ್‌ವೇ ಮೂಲೆಯ ಕಬ್ಬಿಣದ ಮಳಿಗೆ

ಕೇಳುಗರಿಗೆ ನಮಸ್ಕಾರ.

ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಕೂಡುವ ಮೂಲೆಯಲ್ಲಿ ಐದಂತಸ್ತಿನ ಹಳೆಯ ಮಳಿಗೆಯೊಂದಿದೆ. ಹೆಸರು ಹೌವೌಟ್ ಕಟ್ಟಡ. ಕಟ್ಟಿದ್ದು 1857ರಲ್ಲಿ. ಗಾಜು, ಬೆಳ್ಳಿ, ಪಿಂಗಾಣಿ, ತೂಗುದೀಪಗಳ ವ್ಯಾಪಾರ ಇಲ್ಲಿ ನಡೆಯುತ್ತಿತ್ತು. ಅಧ್ಯಕ್ಷ ಲಿಂಕನ್ನರ ಪತ್ನಿ ಮೇರಿ ಶ್ವೇತಭವನಕ್ಕೆ ಪಿಂಗಾಣಿ ತರಿಸಿದ್ದು ಈ ಅಂಗಡಿಯಿಂದಲೇ.

ದೂರದಿಂದ ನೋಡಿದರೆ ವೆನಿಸ್ಸಿನ ಕಲ್ಲಿನ ಅರಮನೆ. ಹತ್ತಿರ ಹೋಗಿ ಅಯಸ್ಕಾಂತ ಇಟ್ಟರೆ ಕಚ್ಚಿಕೊಳ್ಳುತ್ತದೆ. ಬೀದಿಗೆ ಮುಖ ಮಾಡಿದ ಎರಡೂ ಬದಿ ಎರಕದ ಕಬ್ಬಿಣದವು. ನಕ್ಷೆ ಜಾನ್ ಗೇನರ್ ಅವರದು, ಎರಕ ಡೇನಿಯಲ್ ಬ್ಯಾಡ್ಜರ್ ಅವರ ಕಾರ್ಖಾನೆಯದು.

ಒಂದು ಕಮಾನು ಕಿಟಕಿ, ಇಕ್ಕೆಲದಲ್ಲಿ ಪುಟ್ಟ ಕಂಬಗಳು, ಅವುಗಳಾಚೆ ದೊಡ್ಡ ಕಂಬ. ಇಷ್ಟೇ ವಿನ್ಯಾಸ, ಗೋಡೆಯುದ್ದಕ್ಕೂ, ಅಂತಸ್ತಿನಿಂದ ಅಂತಸ್ತಿಗೂ ಅದೇ ಮರಳಿ ಬರುತ್ತದೆ. ಕಲ್ಲಿನಲ್ಲಾದರೆ ಪ್ರತಿ ಕಂಬದ ತಲೆಯನ್ನೂ ಶಿಲ್ಪಿ ಬೇರೆಬೇರೆಯಾಗಿ ಕೆತ್ತಬೇಕು. ಕಬ್ಬಿಣದಲ್ಲಿ ಮರದ ಅಚ್ಚನ್ನು ಒಮ್ಮೆ ಕೆತ್ತಿದರೆ ಸಾಕು.

ಆ ಅಚ್ಚಿನ ಕೆಲಸ ಸೂಕ್ಷ್ಮ. ಕಬ್ಬಿಣ ಆರುವಾಗ ಅಡಿಗೆ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗ ಕುಗ್ಗುತ್ತದೆ. ಹಾಗಾಗಿ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ತೇವದ ಮರಳಿನಲ್ಲಿ ಅದನ್ನು ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಂಬ ಟೊಳ್ಳಾಗಿರಬೇಕು, ಆದ್ದರಿಂದ ನಡುವೆ ಮರಳಿನದೇ ಒಂದು ತಿರುಳು. ಮಲಗಿಸಿ ಹೊಯ್ದರೆ ಈ ಹಗುರ ತಿರುಳು ಮೇಲಕ್ಕೆ ತೇಲುತ್ತದೆ. ಆಗ ಕಂಬದ ಒಂದು ಬದಿ ದಪ್ಪ, ಇನ್ನೊಂದು ತೆಳು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಇಂಥ ಕಂಬಗಳನ್ನು ಪರೀಕ್ಷಿಸುವವರು ಸಣ್ಣ ತೂತು ಕೊರೆದು ದಪ್ಪ ಅಳೆಯುವುದುಂಟು.

ಬೆಂಕಿಯ ವಿಷಯ. ಕಬ್ಬಿಣ ಉರಿಯುವುದಿಲ್ಲವೆಂದು ಆ ಕಾಲದ ವ್ಯಾಪಾರಿಗಳು ಇಂಥ ಕಟ್ಟಡಗಳನ್ನು ಬಲವಾಗಿ ನಂಬಿದರು. ಆದರೆ ಕೆಂಪಗೆ ಕಾದ ದೋಸೆ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆಂದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬೆಂಕಿಯಲ್ಲಿ ಕಾದ ಕಂಬಕ್ಕೆ ನೀರು ಬಡಿದಾಗಲೂ ಅದೇ ಗತಿ, ಸೀಳು ಬಿಡಬಹುದು.

ಈ ಕಟ್ಟಡಕ್ಕೆ ಹೆಸರು ತಂದದ್ದು ಮಾತ್ರ ಲಿಫ್ಟು. 1857ರ ಮಾರ್ಚ್ 23ರಂದು ಎಲಿಷಾ ಓಟಿಸ್ ಅವರ ಪ್ರಯಾಣಿಕರ ಲಿಫ್ಟು ಇಲ್ಲಿ ಓಡಾಟ ಶುರುಮಾಡಿತು. ಉಗಿಯಂತ್ರದ ಬಲ, ನಿಮಿಷಕ್ಕೆ ಸುಮಾರು 40 ಅಡಿ ವೇಗ. ಹಗ್ಗಕ್ಕೂ ಪೆಟ್ಟಿಗೆಗೂ ನಡುವೆ ಗಾಡಿಯ ಸ್ಪ್ರಿಂಗ್ ಪಟ್ಟಿ. ಭಾರ ಜಗ್ಗುತ್ತಿರುವಷ್ಟು ಹೊತ್ತು ಅದು ಬಾಗಿರುತ್ತದೆ. ಹಗ್ಗ ಹರಿದರೆ ನೆಟ್ಟಗಾಗಿ, ಅದರ ತುದಿಗಳು ಎರಡೂ ಬದಿಯ ಹಳಿಯ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತವೆ. ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ. ಮೇಲಂತಸ್ತಿಗೂ ಗಿರಾಕಿ ಬರಬಹುದೆಂಬ ಧೈರ್ಯ ಹುಟ್ಟಿದ್ದು ಈ ಹಲ್ಲುಗಳಿಂದ.

ಇಪ್ಪತ್ತನೇ ಶತಮಾನದಲ್ಲಿ ಬ್ರೂಮ್ ಬೀದಿಯ ಮೇಲೆ ಹೆದ್ದಾರಿ ಹಾಯಿಸುವ ಯೋಜನೆ ಬಂತು. 1965ರಲ್ಲಿ ನಗರವು ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. 1969ರಲ್ಲಿ ಹೆದ್ದಾರಿಯ ಯೋಜನೆ ಬಿದ್ದುಹೋಯಿತು.

ಇಂಥ ಗೋಡೆಯ ನಿಜವಾದ ಶತ್ರು ನೀರು. ಸಾವಿರಾರು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ ಗೋಡೆಯಿದು. ಸಂದಿನ ಪುಟ್ಟಿ ಒಣಗಿ ಉದುರಿದರೆ ಮಳೆ ಒಳಗಿಳಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಬೋಲ್ಟು ತುಂಡಾಗುತ್ತದೆ, ಅಂಚಿನ ತುಂಡು ಕಳಚುತ್ತದೆ. ಬಣ್ಣದ ಮೇಲೆ ಕಂದು ಗೆರೆ ಇಳಿದಿದ್ದರೆ ಬರೀ ಬಣ್ಣ ಹಚ್ಚಿ ಮುಚ್ಚಬಾರದು. ಗೆರೆ ಹೊರಟ ಸಂದನ್ನು ಹುಡುಕಿ, ತುಕ್ಕು ಕೆರೆದು, ಒಣಗಿಸಿ, ಅದೇ ದಿನ ಪ್ರೈಮರ್ ಬಳಿಯಬೇಕು. ಬೆತ್ತಲೆ ಕಬ್ಬಿಣವನ್ನು ಒಂದು ರಾತ್ರಿಯ ಇಬ್ಬನಿಗೆ ಬಿಟ್ಟರೂ ಬೆಳಗಿನ ಹೊತ್ತಿಗೆ ಹೊಸ ತುಕ್ಕು ಹಿಡಿದಿರುತ್ತದೆ. ಬಣ್ಣ ಒಣಗಿದ ಮೇಲೆ ಸಂದಿಗೆ ಹೊಸದಾಗಿ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ತುಂಬಬೇಕು. ಆದರೆ ಒಳಸೇರಿದ ನೀರು ಹೊರಹೋಗಲೆಂದು ಅಡಿಯಲ್ಲಿ ಬಿಟ್ಟ ತೂತುಗಳನ್ನು ಮಾತ್ರ ಎಂದೂ ಮುಚ್ಚಕೂಡದು.