ಆ ತಟ್ಟೆಯ ಮೇಲೆ ಮುಳ್ಳು ಇಡಬೇಡಿ!

ಎಲ್ಲರಿಗೂ ನಮಸ್ಕಾರ. ಹಿಂದಿನ ಗದ್ದಲಕ್ಕೆ ನನ್ನನ್ನು ಬೈಯಬೇಡಿ. ಇಷ್ಟೊಂದು ಹಳೆಯ ಯಂತ್ರಗಳನ್ನು ಒಂದೇ ಸಭಾಂಗಣದಲ್ಲಿ ಹಾಡಲು ಬಿಟ್ಟರೆ ಹೀಗೆಯೇ ಆಗುವುದು. ಹಳೆಯ ಧ್ವನಿಮುದ್ರಿಕೆಗಳನ್ನು ಕೂಡಿಡುವವರು ಮತ್ತು ಅವು ಹಾಳಾಗದಂತೆ ಕಾಯುವವರು ಸೇರುವ ಕೂಟ ಇದು. ಇಬ್ಬರೂ ಒಂದೇ ಪಂಗಡ ಎಂದುಕೊಂಡರೆ ತಪ್ಪು. ಒಬ್ಬರು "ಇದು ನನ್ನ ಬಳಿ ಮಾತ್ರ ಇದೆ" ಎಂದು ಬೀಗುತ್ತಾರೆ. ಇನ್ನೊಬ್ಬರು "ಹೌದೇ, ಪ್ರತಿ ಮಾಡಿಟ್ಟಿದ್ದೀರಾ?" ಎಂದು ಕೇಳಿ ಆ ಖುಷಿಯನ್ನು ಅಲ್ಲಿಯೇ ಚಿವುಟಿಹಾಕುತ್ತಾರೆ. ದಿನವಿಡೀ ಇದೇ ಜಗಳ, ನಡುವೆ ಸ್ವಲ್ಪ ಸಂಗೀತ.

ಈಗ ಕಾಣುತ್ತಿರುವುದು ಸದ್ದನ್ನು ಕೊರೆದಿಟ್ಟ ಮೇಣದ ಸಿಲಿಂಡರುಗಳು. ಹಿಡಿದಿರುವ ರೀತಿ ನೋಡಿ: ಹೊರಗಿನ ಮೈಯನ್ನು ಮುಟ್ಟದೆ ಒಳಗೆ ಎರಡು ಬೆರಳು ತೂರಿಸಿ, ಅಗಲಿಸಿ ಎತ್ತುತ್ತಾರೆ. ಅಂಗೈಯ ಬಿಸಿ ತಾಗಿದರೂ ಹಳೆಯ ಮೇಣ ಬಿರುಕು ಬಿಡಬಹುದು. ಆ ಬಿಳಿಯ ಚುಕ್ಕೆಗಳೆಲ್ಲ ಬೂಷ್ಟು. ಬೂಷ್ಟು ಮೇಣವನ್ನೇ ತಿನ್ನುತ್ತದೆ, ತಿಂದ ಜಾಗದಲ್ಲಿ ಇದ್ದ ಸದ್ದು ಹೋದಂತೆಯೇ. ಎಡಿಸನ್ 1877ರಲ್ಲಿ ತವರದ ಹಾಳೆಯ ಮೇಲೆ ಮಾತು ಹಿಡಿದು ತಿರುಗಿ ಕೇಳಿಸಿದ ಕಥೆ ನಿಮಗೆ ಗೊತ್ತು, ಅದನ್ನು ಬಿಡೋಣ.

ಅದಕ್ಕಿಂತ ನನಗೆ ಇಷ್ಟವಾದದ್ದು ಗೋಡೆಯ ಮೇಲಿನ ಈ ಚಿತ್ರ. ಮಸಿ ಹಿಡಿದ ಕಾಗದದ ಮೇಲೆ ಎಳೆಎಳೆಯಾಗಿ ಗೆರೆ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಎದುವಾರ್-ಲಿಯೋನ್ ಸ್ಕಾಟ್ ಎಂಬಾತ ಹಾಡಿನ ಕಂಪನವನ್ನು ಹೀಗೆ ಬರೆಸಿಕೊಂಡ. ಅದನ್ನು ತಿರುಗಿ ಕೇಳಬಹುದು ಎಂಬ ಯೋಚನೆಯೇ ಅವನಿಗೆ ಇರಲಿಲ್ಲ, ಕಣ್ಣಿಗೆ ಕಂಡರೆ ಸಾಕಾಗಿತ್ತು. 2008ರಲ್ಲಿ ಸಂಶೋಧಕರು ಆ ಗೆರೆಯನ್ನು ಕಂಪ್ಯೂಟರಿನಿಂದ ಸದ್ದಾಗಿಸಿದಾಗ ಹುಡುಗಿಯ ದನಿ ಎಂದು ಎಲ್ಲರೂ ಬೆರಗಾದರು. ಮರುವರ್ಷ ನೋಡಿದರೆ ವೇಗ ದುಪ್ಪಟ್ಟಾಗಿತ್ತು! ಸರಿಪಡಿಸಿ ಕೇಳಿದರೆ ನಿಧಾನವಾಗಿ ಹಾಡುವ ಗಂಡಸು, ಬಹುಶಃ ಸ್ಕಾಟನೇ. ವೇಗ ತಪ್ಪಿದರೆ ಆಳೇ ಬದಲಾಗುತ್ತಾನೆ. ಈ ಮಾತು ಮತ್ತೆ ಬರುತ್ತದೆ, ನೆನಪಿರಲಿ.

ಬನ್ನಿ, ಮುಂದಿನ ಮೇಜು. ಈ ಕಹಳೆ ಇರುವ ಗ್ರಾಮಫೋನಿನ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಚೆಂದಕ್ಕೆ ಸರಿ, ಹಾಡಿನ ತಟ್ಟೆಗೆ ಶತ್ರು. ಮುಳ್ಳನ್ನು ಹಿಡಿದಿರುವ ಧ್ವನಿಪೆಟ್ಟಿಗೆಯ ಭಾರವೇ ನೂರು ಗ್ರಾಂಗಿಂತ ಹೆಚ್ಚು, ಅದೆಲ್ಲ ಒಂದು ಉಕ್ಕಿನ ಮುಳ್ಳಿನ ತುದಿಯ ಮೇಲೆ ಕೂರುತ್ತದೆ. ಅರಗಿನ ತಟ್ಟೆಯಲ್ಲಿ ಕಲ್ಲಿನ ಪುಡಿಯನ್ನು ಬೇಕೆಂದೇ ಬೆರೆಸುತ್ತಿದ್ದರು. ಗಟ್ಟಿತನವೂ ಬಂತು, ಸುತ್ತುತ್ತಾ ಸುತ್ತುತ್ತಾ ಮುಳ್ಳನ್ನು ಸಾಣೆ ಹಿಡಿದು ಗೆರೆಯ ಆಕಾರಕ್ಕೆ ತರುವ ಕೆಲಸವೂ ಆಯಿತು. ಅದಕ್ಕೆಂದೇ ಒಂದು ಮುಖ ಮುಗಿದರೆ ಮುಳ್ಳನ್ನು ಎಸೆದು ಹೊಸದು ಹಾಕಬೇಕು. ಎಷ್ಟು ಜನ ಹಾಕುತ್ತಿದ್ದರೋ ಬಿಡಿ.

ನಾನು ಹೀಗೆ ಉಪದೇಶ ಮಾಡುತ್ತಿರುವಾಗಲೇ ಆ ಪ್ರಸಂಗ ನಡೆದದ್ದು. ಕ್ಯಾಮೆರಾ ಓಲಾಡಿದೆ, ಸಹಿಸಿಕೊಳ್ಳಿ.

ಬಿಳಿ ಅಂಗಿಯ ಯಜಮಾನರನ್ನು ನೋಡಿ. ಗ್ರಾಮಫೋನ್ ಅವರದೇ. ಚೀಲದಿಂದ ಒಂದು ಕಪ್ಪು ತಟ್ಟೆ ತೆಗೆದರು, ಕೀಲಿ ಕೊಟ್ಟರು, ಮುಳ್ಳು ಇಳಿಸಲು ಕೈ ಚಾಚಿದರು. ಪಕ್ಕದ ಮೇಜಿನ ತಂತ್ರಜ್ಞೆ "ಸರ್, ಬೇಡ! ಮುಳ್ಳು ಇಡಬೇಡಿ!" ಎಂದು ಕೂಗಿದ್ದು ಕೇಳಿಸಿತೇ? ಮುಳ್ಳಿಗೂ ತಟ್ಟೆಗೂ ನಡುವೆ ಒಂದು ಬೆರಳಿನಷ್ಟು ಅಂತರ ಉಳಿದಿತ್ತು. ಯಜಮಾನರಿಗೆ ಕೋಪ ನೆತ್ತಿಗೇರಿತು. "ತಟ್ಟೆ ನನ್ನದು, ಪೆಟ್ಟಿಗೆ ನನ್ನದು, ನಿಮಗೇನಮ್ಮ ತೊಂದರೆ?" ನ್ಯಾಯವಾದ ಪ್ರಶ್ನೆ. ನಾನೂ ಮೊದಲು ಅವರ ಪರವೇ ಇದ್ದೆ. ಹೀಗೆ ಕಿರುಚಿ ಹೆದರಿಸುವ ತಜ್ಞರನ್ನು ಕಂಡರೆ ನನಗೆ ಆಗುವುದಿಲ್ಲ.

ಆಕೆ ಜಗಳಕ್ಕೆ ನಿಲ್ಲಲಿಲ್ಲ. ತಟ್ಟೆಯನ್ನು ಅಂಚಿನಲ್ಲಿ ಹಿಡಿದೆತ್ತಿ ನಡುವಿನ ತೂತನ್ನು ತೋರಿಸಿದರು. ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ. ತೂತಿನ ಒಳಗೋಡೆ ಬೆಳ್ಳಗೆ ಮಿನುಗುತ್ತಿದೆ, ಅದು ಅಲ್ಯೂಮಿನಿಯಂ. ಪಕ್ಕದಲ್ಲಿ ಇನ್ನೂ ಸಣ್ಣ ತೂತುಗಳಿವೆ, ಕೊರೆಯುವ ಯಂತ್ರದಲ್ಲಿ ತಟ್ಟೆ ಜಾರದಿರಲಿ ಎಂದು ಗೂಟ ಸಿಕ್ಕಿಸಲು. ಹೆಸರಿನ ಚೀಟಿಯಲ್ಲಿ ಅಚ್ಚು ಇಲ್ಲ, ಮಾಸಿದ ಪೆನ್ಸಿಲ್ ಗೀಚು ಅಷ್ಟೇ. ಅಂದರೆ ಇದು ಅಂಗಡಿಯಲ್ಲಿ ಮಾರಿದ ಅರಗಿನ ತಟ್ಟೆಯೇ ಅಲ್ಲ. ಲೋಹದ ಮೇಲೆ ಮೆರುಗೆಣ್ಣೆ ಬಳಿದು, ಅದರ ಮೇಲೆ ನೇರವಾಗಿ ಸದ್ದನ್ನು ಕೊರೆದದ್ದು. 1930ರ ದಶಕದ ನಡುಭಾಗದಿಂದ ಬಳಕೆಗೆ ಬಂದ ಇವು ಟೇಪು ಬರುವವರೆಗೂ ಬಾನುಲಿ ನಿಲಯಗಳ ನೆಚ್ಚಿನ ಸಾಧನ. ಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೂ ಬಳಿಯುತ್ತಿದ್ದರು. ಅಂತಹದ್ದು ಕೈಜಾರಿದರೆ ಗುಡಿಸಿ ತುಂಬಬೇಕು.

ಅಚ್ಚು ಹಾಕಿದ ತಟ್ಟೆಗೆ ಸಾವಿರ ಒಡಹುಟ್ಟಿದವರಿರುತ್ತಾರೆ. ಇದು ಒಂಟಿ. ಮೆದುವಾದ ಮೆರುಗೆಣ್ಣೆಯ ಮೇಲೆ ಆ ಉಕ್ಕಿನ ಮುಳ್ಳು ಒಮ್ಮೆ ಸುತ್ತಿದ್ದರೆ ಸದ್ದನ್ನೆಲ್ಲ ಉತ್ತು ಹಾಕುತ್ತಿತ್ತು. ಒಮ್ಮೆ ಸಾಕು. ಇಷ್ಟು ಕೇಳಿದ ಮೇಲೆ ನಾನು ಪಕ್ಷ ಬದಲಿಸಿದೆ, ಕಿರುಚಿದ್ದು ಕಡಿಮೆಯಾಯಿತು ಎನಿಸಿತು.

ತಟ್ಟೆಯ ಮೇಲೆ ಬಿಳಿಯ ಪುಡಿ ಕಾಣುತ್ತಿದೆಯಲ್ಲ, ಅದನ್ನು ನೋಡಿ ಗುಂಪಿನಲ್ಲಿದ್ದ ಒಬ್ಬರು ಸ್ಪಿರಿಟ್ ಹಾಕಿ ಒರೆಸಿಬಿಡಿ ಎಂದರು. ಇಂತಹ ಸಲಹೆ ಕೊಡುವವರು ಎಲ್ಲೆಡೆಯೂ ಒಬ್ಬರು ಇದ್ದೇ ಇರುತ್ತಾರೆ. ಸ್ಪಿರಿಟ್ ಅರಗನ್ನೂ ಕರಗಿಸುತ್ತದೆ, ಮೆರುಗೆಣ್ಣೆಯನ್ನೂ ಬಿಡುವುದಿಲ್ಲ. ಆ ಪುಡಿ ಧೂಳಲ್ಲ. ಲೇಪ ಮೆದುವಾಗಿರಲಿ ಎಂದು ಬೆರೆಸಿದ್ದ ಹರಳೆಣ್ಣೆ ವರ್ಷಗಳು ಕಳೆದಂತೆ ಒಡೆದು, ಕೊಬ್ಬಿನ ಆಮ್ಲವಾಗಿ ಮೇಲೆ ಬಂದು ಕೂತದ್ದು. ಎಣ್ಣೆ ಹೋದಂತೆ ಲೇಪ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಕೊನೆಗೆ ಲೇಪ ಬಿರಿದು ಚಕ್ಕೆಚಕ್ಕೆಯಾಗಿ ಏಳುತ್ತದೆ. ಅಂತಹ ತಟ್ಟೆಯನ್ನು ಯಾವ ಮುಳ್ಳೂ ಮುಟ್ಟುವಂತಿಲ್ಲ. ಮುಟ್ಟದೆಯೇ ಗೆರೆಯ ಚಿತ್ರ ತೆಗೆದು ಲೆಕ್ಕ ಹಾಕಿ ಸದ್ದು ಹೊರಡಿಸುವ ವಿಧಾನವನ್ನು ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಜೊತೆಯವರು ರೂಪಿಸಿದ್ದಾರೆ. ಇಲ್ಲಿಗೆ ಆ ಯಂತ್ರ ಬಂದಿಲ್ಲ, ಬರುವಷ್ಟು ಚಿಕ್ಕದೂ ಅಲ್ಲ.

ಪುಣ್ಯಕ್ಕೆ ಈ ತಟ್ಟೆ ಇನ್ನೂ ಬಿರಿದಿಲ್ಲ. ತೊಳೆಯುವುದನ್ನು ವೇಗವಾಗಿ ಓಡಿಸುತ್ತಿದ್ದೇನೆ. ಈಗ ಆಕೆಯ ಯಂತ್ರದಲ್ಲಿ ಇಟ್ಟಿದ್ದಾರೆ, ಮುಳ್ಳಿನ ಭಾರ ಕೆಲವೇ ಗ್ರಾಂ. ಮುಳ್ಳುಗಳೇ ಒಂದು ಡಬ್ಬಿಯಷ್ಟಿವೆ, ಒಂದೊಂದಕ್ಕೆ ಒಂದೊಂದು ಅಗಲ. ಎಲ್‌ಪಿಯ, ಅಂದರೆ ಆಮೇಲೆ ಬಂದ ಸಣ್ಣ ಗೆರೆಯ ತಟ್ಟೆಯ, ಸಣ್ಣ ಮುಳ್ಳನ್ನು ಹಳೆಯ ಅಗಲ ಗೆರೆಯಲ್ಲಿ ಬಿಟ್ಟರೆ ತಳದ ಕಸದಲ್ಲಿ ಓಡಾಡಿ ಬರೀ ಕರಕರ ಎನ್ನುತ್ತದೆ. ಸರಿ, ಹೊರ ಅಂಚಿನಲ್ಲಿ ಇಳಿಸಿದರು. ಏನೂ ಇಲ್ಲ! ಮುಳ್ಳು ಒಳಗೆ ಸಾಗುವುದೇ ಇಲ್ಲ, ಇದ್ದಲ್ಲಿಯೇ ಸುತ್ತುತ್ತಿದೆ. ಯಜಮಾನರ ಮುಖ ನೋಡಿ. "ಇದಕ್ಕಾಗಿ ಇಷ್ಟು ರಂಪವೇ?" ಎಂದರು.

ಆಕೆ ನಕ್ಕು ಮುಳ್ಳನ್ನು ಎತ್ತಿ ಚೀಟಿಯ ಪಕ್ಕಕ್ಕೆ, ಒಳ ಅಂಚಿಗೆ ಇಟ್ಟರು. ಸದ್ದು ಬಂತು. ಒಳಗಿನಿಂದ ಹೊರಕ್ಕೆ ಕೊರೆದ ತಟ್ಟೆ! ಬಾನುಲಿಯವರು ಉದ್ದ ಕಾರ್ಯಕ್ರಮಕ್ಕೆ ಒಂದು ತಟ್ಟೆಯನ್ನು ಹೊರಗಿನಿಂದ, ಮುಂದಿನದನ್ನು ಒಳಗಿನಿಂದ ಕೊರೆಯುವುದಿತ್ತು. ಒಳಸುತ್ತಿನಲ್ಲಿ ಸದ್ದು ಮಂಕಾಗುತ್ತದೆ. ಹೀಗೆ ಮಾಡಿದರೆ ತಟ್ಟೆ ಬದಲಾದಾಗ ಮಂಕಿಗೆ ಮಂಕೇ ಸೇರಿ ಕೇಳುಗರಿಗೆ ತಿಳಿಯುವುದಿಲ್ಲ. ಇದನ್ನು ಕೊರೆದವರು ಯಾಕೆ ಹಾಗೆ ಮಾಡಿದರೋ ಅವರನ್ನೇ ಕೇಳಬೇಕು.

ಇದರಲ್ಲಿ ಏನಿತ್ತು? ಒಂದು ದನಿ ಅಂಕಿ ಎಣಿಸುತ್ತದೆ, ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ಪಿಟೀಲು. ಪಿಟೀಲು ಮುಗಿಯುವ ಮೊದಲೇ ಜಾಗ ಮುಗಿದಿದೆ. ಯಜಮಾನರು ಕಿವಿಗೊಟ್ಟು ಕೇಳಿ, "ಇಷ್ಟು ಕೆಟ್ಟದಾಗಿ ನುಡಿಸುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಇದು ಗುಜರಿಯಿಂದ ಬಂದದ್ದೇ ಇರಬೇಕು" ಎಂದು ತೀರ್ಪು ಕೊಟ್ಟರು. ಶ್ರುತಿ ಏರಿದೆ, ವೇಗ ತಪ್ಪಾಗಿರಬಹುದು ಎಂದು ಆಕೆ, ವೇಗ ಸರಿ, ಪಿಟೀಲೇ ತಪ್ಪು ಎಂದು ಇವರು. ನಿಮಿಷಕ್ಕೆ 78 ಸುತ್ತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಶುರುವಿನ ಕಾಲದ ತಟ್ಟೆಗಳು ಎಪ್ಪತ್ತರ ಆಸುಪಾಸಿನಿಂದ ಎಂಬತ್ತು ದಾಟುವವರೆಗೆ ಹೇಗೆ ಬೇಕೋ ಹಾಗೆ ಸುತ್ತಿವೆ. ವೇಗ ಶೇಕಡಾ ಆರರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಆಕೆ ಮುಳ್ಳಿನ ಅಗಲ, ವೇಗ, ಕೊರೆದ ದಿಕ್ಕು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರು, ನಾಳೆ ಯಾರಾದರೂ ತಿದ್ದಲಿ ಎಂದು. ಈ ಹಾಳೆ ಇಲ್ಲದ ಪ್ರತಿ ನನಗೆ ಅರ್ಧ ಪ್ರತಿ.

ಗ್ರಾಮಫೋನಿಗೆ ಬೀಗ ಹಾಕಿ ಎಂದಿದ್ದೆನಲ್ಲ, ಹಿಂದಕ್ಕೆ ತೆಗೆದುಕೊಂಡೆ. ಯಜಮಾನರು ಆಮೇಲೆ ಹೊಸ ಮುಳ್ಳು ಹಾಕಿ ಒಂದು ನಿಜವಾದ ಅರಗಿನ ತಟ್ಟೆ ಇಟ್ಟರು. 1925ಕ್ಕೆ ಮುಂಚಿನದು, ಮೈಕ್ ಬರುವ ಮೊದಲು ಹಾಡುಗಾರರು ಕಹಳೆಯೊಳಗೆ ಕೂಗಿ ಹಾಡುತ್ತಿದ್ದ ಕಾಲದ್ದು. ಕಹಳೆಯಿಂದ ಒಳಹೋದ ದನಿ ಕಹಳೆಯಿಂದಲೇ ಹೊರಬಂದಾಗ ಇಡೀ ಸಭಾಂಗಣ ತುಂಬಿತು, ವಿದ್ಯುತ್ತಿನ ಹಂಗಿಲ್ಲ. ಹಾಡು ಮುಗಿಯುತ್ತಲೇ ಹಾಡಿದವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ಗಾಯಕಿ ಗೌಹರ್ ಜಾನ್ ಅವರ 1902ರ ತಟ್ಟೆಗಳಲ್ಲಿಯೂ ಹೀಗೆಯೇ. ಅಚ್ಚು ಆಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಹಾಡು ಯಾರದೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ನಮ್ಮ ಪಿಟೀಲಿನವರು ಹೆಸರೊಂದನ್ನು ಬಿಟ್ಟು ಎಲ್ಲ ಅಂಕಿಯನ್ನೂ ಹೇಳಿದ್ದಾರೆ.

ಟೇಪುಗಳ ಮೇಜಿಗೆ ಹೋಗಲು ಆಗಲಿಲ್ಲ, ದೂರದಿಂದಲೇ ಹುಳಿ ವಾಸನೆ ಬಂತು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಟೇಪು ಕೆಡುವಾಗ ಬರುವ ವಾಸನೆ ಅದು, ಮೂಗಿನಿಂದಲೇ ರೋಗ ಹೇಳಬಹುದು. ಅದನ್ನು ಇನ್ನೊಮ್ಮೆ ನೋಡೋಣ, ದೀಪ ಆರಿಸುತ್ತಿದ್ದಾರೆ.

ತಂತ್ರಜ್ಞೆ ಪಿಟೀಲಿನ ಪ್ರತಿಯನ್ನು ಯಜಮಾನರ ಒಪ್ಪಿಗೆ ಪಡೆದು ನನಗೂ ಕೊಟ್ಟಿದ್ದಾರೆ, ಎರಡು ಬಗೆಯಲ್ಲಿ. ಒಂದು ಇದ್ದದ್ದು ಇದ್ದ ಹಾಗೆ, ಇನ್ನೊಂದು ಕರಕರ ತೆಗೆದದ್ದು. ಕರಕರ ತೆಗೆಯುವುದೆಂದರೆ ಜೀವ ತೆಗೆಯುವುದು ಎಂದು ಹಿಂದಿನ ವಿಡಿಯೊಗಳಲ್ಲಿ ಅಬ್ಬರಿಸಿದ್ದೇನೆ. ಎರಡನೆಯದರಲ್ಲಿ ಎಣಿಸುವವರ ಉಸಿರೂ ಕೇಳಿಸುತ್ತದೆ, ಮೊದಲನೆಯದರಲ್ಲಿ ಅದು ನನಗೆ ಸಿಗಲೇ ಇಲ್ಲ. ಹಾಗಾಗಿ ಇವತ್ತಿನ ಮಟ್ಟಿಗೆ ಎರಡೂ ಇರಲಿ ಎನ್ನುತ್ತೇನೆ. ಮೊದಲು ಇದ್ದ ಹಾಗೆಯೇ ಇರುವುದನ್ನು ಹಾಕುತ್ತಿದ್ದೇನೆ. ಇಯರ್‌ಫೋನಿನಲ್ಲಿ ಕೇಳುತ್ತಿದ್ದರೆ ಧ್ವನಿಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ಶುರುವಿನಲ್ಲಿಯೇ ಒಂದು ದೊಡ್ಡ ಟಕ್ ಇದೆ.