ಹೊಸ ಮಷೀನ್ ಬರುತ್ತೆ ಸರಿ, ಅದರ ಮುಂದೆ ನಿಲ್ಲೋರು ಯಾರು?

[ದೃಶ್ಯ: ಉದ್ಯಮಬಾಗ್ ರಸ್ತೆ, ಬೆಳಗಿನ ಶಿಫ್ಟಿಗೆ ಹೊರಟ ಬೈಕುಗಳು]

ನಮಸ್ಕಾರ. ಈ ವಿಡಿಯೋ ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋ ಕಡೆ), ಮಷೀನ್ ಶಾಪ್ ನಡೆಸೋ ಮಾಲೀಕರಿಗೆ. ಕೆಲಸಗಾರರೂ ನೋಡಿ, ನಿಮ್ಮದೇ ವಿಷಯ.

ವರ್ಲ್ಡ್ ಎಕನಾಮಿಕ್ ಫೋರಂ 2025ರಲ್ಲಿ ಉದ್ಯೋಗಗಳ ಬಗ್ಗೆ ಒಂದು ವರದಿ ತಂದಿತು. ಜಗತ್ತಿನ ಕೆಲಸಗಾರರೆಲ್ಲ ಸೇರಿ 100 ಜನ ಅಂದುಕೊಳ್ಳಿ, 2030ರೊಳಗೆ ಅವರಲ್ಲಿ 59 ಜನಕ್ಕೆ ಹೊಸ ತರಬೇತಿ ಬೇಕಾಗುತ್ತೆ, ಆ 59ರಲ್ಲಿ 11 ಜನಕ್ಕೆ ಅದು ಸಿಗೋದು ಕಷ್ಟ ಅನ್ನುತ್ತೆ ವರದಿ. ಆ 11 ಜನ ಎಲ್ಲಿರ್ತಾರೆ? ದೊಡ್ಡ ಆಫೀಸುಗಳಲ್ಲಿ ಅಲ್ಲ ಅಂತ ನನ್ನ ಲೆಕ್ಕ. ಇಪ್ಪತ್ತು ಮೂವತ್ತು ಜನ ಇರೋ ಶೆಡ್ಡುಗಳಲ್ಲೇ.

ನಮ್ಮೂರಿಗೆ ಇದು ಹೇಗೆ ತಟ್ಟುತ್ತೆ? ಎಲೆಕ್ಟ್ರಿಕ್ ಗಾಡಿಗೆ ಪಿಸ್ಟನ್ ಇಲ್ಲ, ಕ್ರ್ಯಾಂಕ್‌ಶಾಫ್ಟ್ ಇಲ್ಲ, ಸೈಲೆನ್ಸರೂ ಇಲ್ಲ. ಬ್ರೇಕ್ ಇದೆ, ಮೋಟರ್ ಹೌಸಿಂಗ್ (ಮೋಟರಿನ ಹೊರಕವಚ) ಇದೆ. ಅಂದ್ರೆ ಮಾಡಬೇಕಾದ ಭಾಗಗಳೇ ಬದಲಾಗುತ್ತವೆ. ಅತ್ತ ಹತ್ತರಗಿಯ ಏಕಸ್ ಎಸ್‌ಇಝಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ವಿಮಾನದ ಬಿಡಿಭಾಗ ತಯಾರಾಗುತ್ತವೆ. ಅಂಥ ಕೆಲಸದಲ್ಲಿ ಪೀಸ್ ಚೆನ್ನಾಗಿ ಬಂದರೆ ಸಾಲದು, ಯಾವ ಲಾಟಿನ ಲೋಹ, ಯಾರು ಅಳೆದರು, ಯಾವ ಗೇಜಿನಲ್ಲಿ ಅಳೆದರು ಅನ್ನೋದಕ್ಕೆಲ್ಲ ದಾಖಲೆ ಬೇಕು. ಅಂದ್ರೆ ಆಪರೇಟರ್‌ಗೆ ಕೈ ಕೆಲಸದ ಜೊತೆ ಓದು ಬರಹವೂ ಬೇಕಾಯ್ತು, ಅಲ್ವಾ?

[ದೃಶ್ಯ: ಮೋಲ್ಡಿಂಗ್ ಮರಳು, ಹತ್ತಿರದಿಂದ]

ಹಾಗಂತ ಹಳಬರನ್ನ ಬಿಟ್ಟು ಹೊಸಬರನ್ನ ತಗೊಳ್ಳಿ ಅಂತಲ್ಲ. ಹಾಗೆ ಮಾಡಿದರೆ ಕೆಟ್ಟಿರಿ. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೀರು ಹೆಚ್ಚಾಯ್ತಾ ಕಮ್ಮಿ ಆಯ್ತಾ ಅಂತ ಹೇಳೋರು ನಿಮ್ಮ ಫೌಂಡ್ರಿಯಲ್ಲಿ ಇರ್ತಾರೆ. ಲೇತಿನ ಸದ್ದು ಬದಲಾದ ಕೂಡಲೇ ಟೂಲ್ ಸವೆದಿದೆ ಅನ್ನೋರೂ ಇರ್ತಾರೆ. ತೇವ ಅಳೆಯೋ ಮೀಟರ್ ಅಂಕಿ ಕೊಡುತ್ತೆ ನಿಜ, ಆದರೆ ಆ ಅಂಕಿ ನೋಡಿ ಮುಂದೇನು ಮಾಡಬೇಕು ಅನ್ನೋದು ಆ ಮನುಷ್ಯನಿಗೇ ಗೊತ್ತು. ಅವರು ನಿವೃತ್ತಿ ಆಗೋ ಮೊದಲು ಜೊತೆಗೆ ಒಬ್ಬ ಐಟಿಐ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ. ಹಿರಿಯರು ಕೆಲಸ ಕಲಿಸಲಿ, ಕಿರಿಯರು ಅವರಿಗೆ ಸ್ಕ್ರೀನ್ ಕಲಿಸಲಿ. ಬ್ಲೋ ಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆಗೋ ತೂತು) ಬಂದಾಗ ಅವರು ಏನು ನೋಡ್ತಾರೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿಡಿ, ಕನ್ನಡವೋ ಮರಾಠಿಯೋ, ಅವರು ಮಾತಾಡೋ ಹಾಗೇ ಇರಲಿ.

ಹೊಸಬರಿಗೆ ಅಪ್ರೆಂಟಿಸ್ ಯೋಜನೆ ಇದೆ. 2016ರಲ್ಲಿ ಕೇಂದ್ರ ಸರ್ಕಾರ ತಂದ ಎನ್‌ಎಪಿಎಸ್‌ನಲ್ಲಿ (ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ) ಸ್ಟೈಪೆಂಡಿನ ಶೇ. 25, ತಿಂಗಳಿಗೆ 1,500 ರೂಪಾಯಿವರೆಗೆ ಸರ್ಕಾರದ ಪಾಲು. 30 ಮತ್ತು ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅಂತ ಕಾನೂನೇ ಇದೆ. ಆದ್ರೆ ದಯವಿಟ್ಟು ಅವರ ಕೈಗೆ ಪೊರಕೆ ಕೊಟ್ಟು ವರ್ಷ ಕಳೀಬೇಡಿ.

ಈಗ ಜಗಳದ ವಿಷಯಕ್ಕೆ ಬರೋಣ. ರಜೆ ದಿನ ಟ್ರೈನಿಂಗ್ ಇಡ್ತೀವಿ, ಯಾರೂ ಬರಲ್ಲ ಅಂತ ಗೊಣಗೋ ಮಾಲೀಕರಿದ್ದಾರೆ. ಯಾಕೆ ಬರಬೇಕು? ವಾರವೆಲ್ಲ ದುಡಿದು, ಹಳ್ಳಿಯಿಂದ ಬಸ್ಸು ಹತ್ತಿ, ಸಂಬಳ ಇಲ್ಲದೆ ಬಂದು ಕೂರಬೇಕು ಅಂದ್ರೆ, "ನಮಗ್ಯಾಕ್ರೀ ಇದೆಲ್ಲಾ" ಅಂತಾರೆ, ಅದು ತಪ್ಪೇನಲ್ಲ. ಕಲಿಕೆ ಶಿಫ್ಟಿನೊಳಗೇ ಇರಬೇಕು, ಸಂಬಳದ ಲೆಕ್ಕದಲ್ಲೇ. ವಾರಕ್ಕೆ ಎರಡು ಗಂಟೆ ಮಷೀನ್ ನಿಲ್ಲುತ್ತೆ, ನಿಲ್ಲಲಿ. ರಿಜೆಕ್ಷನ್ ಆಗಿ ಮೂಲೆಯಲ್ಲಿ ಬಿದ್ದಿರೋ ಪೀಸುಗಳ ಲೆಕ್ಕ ಹಾಕಿ, ಆಮೇಲೆ ಎರಡು ಗಂಟೆ ನಷ್ಟ ಅಂತ ಹೇಳಿ.

ಕಲಿಸಿದರೆ ಪುಣೆಗೆ, ಕೊಲ್ಲಾಪುರಕ್ಕೆ ಓಡಿ ಹೋಗ್ತಾರೆ ಅನ್ನೋ ಭಯ ಸುಳ್ಳಲ್ಲ. ಕೆಲವರು ಹೋಗೇ ಹೋಗ್ತಾರೆ. ಜಾಸ್ತಿ ಜನ ಹೋಗೋದು ಕಲಿತ ಮೇಲೂ ಹಳೇ ಸಂಬಳವೇ ಸಿಕ್ಕಾಗ. ಮಷೀನಿನ ಪ್ರೋಗ್ರಾಂ ಓದೋಕೆ ಬಂದರೆ ಇಷ್ಟು, ತಾನೇ ಸೆಟ್ಟಿಂಗ್ ಮಾಡಿದರೆ ಇಷ್ಟು ಅಂತ ಕಲಿಸೋ ಮೊದಲೇ ಗೋಡೆ ಮೇಲೆ ಬರೆದು ಹಾಕಿ. ಸುಮ್ನೆ ಬಾಯಿ ಮಾತು ಬೇಡ. ಯಾವ ಭಾಗದ ಆರ್ಡರ್ ಇಳೀತಿದೆ ಅನ್ನೋದನ್ನೂ ಮುಚ್ಚಿಡಬೇಡಿ. ಪೀಸ್ ಲೋಡ್ ಮಾಡೋರಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತೆ.

[ದೃಶ್ಯ: ವಿಎಂಸಿ ಮಷೀನಿನ ಸ್ಕ್ರೀನ್]

ಕೊನೆಗೆ ಒಂದು ಮಾತು. ಹೊಸ ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯೋ ಮಷೀನ್) ಕೊಂಡಾಗ ಮಷೀನ್ ಕಂಪನಿಯವರು ಟ್ರೈನಿಂಗಿಗೆ ಯಾರನ್ನ ಕಳಿಸ್ತೀರಿ ಅಂತ ಕೇಳ್ತಾರೆ. ಅಲ್ಲಿ ಹೋಗೋದು ಮಾಲೀಕರ ಮಗ, ಇಲ್ಲಾ ಸೂಪರ್‌ವೈಸರ್. ಈ ಸಲ ರಾತ್ರಿ ಶಿಫ್ಟಿನ ಆಪರೇಟರ್ ಹೆಸರು ಕೊಡಿ. ರಾತ್ರಿ ಎರಡು ಗಂಟೆಗೆ ಅಲಾರಂ ಬಂದಾಗ ಮಷೀನ್ ಮುಂದೆ ಇರೋದು ಅವರೇ. ಯಾರನ್ನ ಕಳಿಸಿದ್ರಿ ಅಂತ ಕಾಮೆಂಟಿನಲ್ಲಿ ಬರೀರಿ.