ಕ್ರೋಮೋಸೋಮ್‌ನಲ್ಲಿ ಒಂದು ಚೂರು ಇಲ್ಲದಿದ್ದರೆ ಹೃದಯಕ್ಕೇನಾಗುತ್ತದೆ?

[ಪರದೆ: 22ನೇ ಕ್ರೋಮೋಸೋಮ್ ಜೋಡಿ. ಒಂದರಲ್ಲಿ ಸಣ್ಣ ಚೂರು ಇಲ್ಲ.]

ನಮಸ್ಕಾರ. ಈ ಜೋಡಿಯನ್ನು ಸರಿಯಾಗಿ ನೋಡಿ. ಒಂದರಲ್ಲಿ ಚಿಕ್ಕದೊಂದು ಚೂರು ಇಲ್ಲ, ಅಲ್ವಾ? ಇದು 22ಕ್ಯು11.2 ಡಿಲೀಷನ್. ಇದಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ.

ಹೃದಯಕ್ಕೆ ಮಾತ್ರ ಯಾಕೆ ಅಂತೀರಾ? ಹೃದಯಕ್ಕೆ ಮಾತ್ರ ಅಲ್ಲ.

[ಪರದೆ: ಭ್ರೂಣದ ಕತ್ತಿನ ಭಾಗ, ಹತ್ತಿರದಿಂದ.]

ಭ್ರೂಣದ ಕತ್ತಿನ ಹತ್ತಿರ ಕಮಾನಿನಂಥ ಮಡಿಕೆಗಳಿರುತ್ತವೆ. ಅಂಗುಳ, ರೋಗನಿರೋಧಕ ಕಣಗಳನ್ನು ಬೆಳೆಸುವ ಥೈಮಸ್ ಗ್ರಂಥಿ, ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಗಳು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು, ಇವೆಲ್ಲ ಬೆಳೆಯುವುದಕ್ಕೆ ಆ ಮಡಿಕೆಗಳೇ ಬೇಕು. ಅಲ್ಲಿನ ಕೆಲಸಕ್ಕೆ ಟಿಬಿಎಕ್ಸ್1 ಅನ್ನುವ ಜೀನ್ ತುಂಬಾ ಮುಖ್ಯ. ಇಲ್ಲವಾದ ಚೂರಿನಲ್ಲಿ ಇದ್ದದ್ದು ಅದೇ. ಎರಡು ಪ್ರತಿ ಇರಬೇಕಾದಲ್ಲಿ ಒಂದೇ ಉಳಿದರೆ ಕೆಲಸ ಅರೆಬರೆಯಾಗುತ್ತದೆ. ಕೆಲವರಲ್ಲಿ ಮಹಾಪಧಮನಿಯ ಕಮಾನು ನಡುವೆಯೇ ಕಡಿದುಹೋಗಿರುತ್ತದೆ. ಕೆಲವರಿಗೆ ಟೆಟ್ರಾಲಜಿ ಆಫ್ ಫ್ಯಾಲೋ, ಅಂದರೆ ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗೆ.

ಹಾಗಾಗಿ ಆಪರೇಷನ್‌ಗೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಒಂದನ್ನೇ ನೋಡಿದರೆ ಸಾಲದು. ಕ್ಯಾಲ್ಸಿಯಂ ದಿಢೀರ್ ಇಳಿದರೆ ಮಗುವಿಗೆ ಫಿಟ್ಸ್ ಬರಬಹುದು. ಥೈಮಸ್ ಇಲ್ಲದಿದ್ದರೆ ಅಥವಾ ತೀರಾ ಚಿಕ್ಕದಿದ್ದರೆ, ಹೊರಗಿನಿಂದ ಕೊಟ್ಟ ರಕ್ತದ ಬಿಳಿಕಣಗಳೇ ಮಗುವಿನ ಮೈಮೇಲೆ ತಿರುಗಿಬೀಳುವ ಅಪಾಯ. ಅದಕ್ಕೇ ವಿಕಿರಣ ಹಾಯಿಸಿ ಆ ಬಿಳಿಕಣಗಳ ಆಟ ನಿಲ್ಲಿಸಿದ ರಕ್ತ ಕೊಡುತ್ತಾರೆ. ಎದೆ ತೆರೆಯುವ ಮುಂಚೆ ಕ್ರೋಮೋಸೋಮ್ ವಿಷಯ ಗೊತ್ತಿರಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬೇರೆ ಕ್ರೋಮೋಸೋಮ್‌ಗಳ ಕಥೆಯೇ ಬೇರೆ. ವಿಲಿಯಮ್ಸ್ ಸಿಂಡ್ರೋಮ್‌ನಲ್ಲಿ 7ನೇ ಕ್ರೋಮೋಸೋಮ್‌ನ ಚೂರಿನ ಜೊತೆ ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಜೀನ್ ಹೋಗಿರುತ್ತದೆ. ರಕ್ತನಾಳದ ಗೋಡೆ ಬಿಗಿದು, ಕವಾಟದ ಸ್ವಲ್ಪ ಮೇಲೆ ಮಹಾಪಧಮನಿ ಕಿರಿದಾಗುತ್ತದೆ. ಇವರಿಗೆ ಹಲ್ಲಿನ ಚಿಕಿತ್ಸೆಗೆ ಅಂತ ಅನಸ್ತೇಷಿಯಾ ಕೊಡುವುದೂ ಸಣ್ಣ ವಿಷಯವಲ್ಲ. ಜಾಕಬ್‌ಸೆನ್ ಸಿಂಡ್ರೋಮ್‌ನಲ್ಲಿ 11ನೇ ಕ್ರೋಮೋಸೋಮ್‌ನ ತುದಿ ಇರುವುದಿಲ್ಲ. ಹೃದಯದ ಜೊತೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳಿಗೂ ತೊಂದರೆ. ಮೊದಲು ಅವುಗಳ ಕೌಂಟ್ ಕಡಿಮೆ ಇರುತ್ತದೆ. ಮುಂದೆ ಕೌಂಟ್ ನಾರ್ಮಲ್ ಆದರೂ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಬರೀ ಕೌಂಟ್ ನೋಡಿ ಆಪರೇಷನ್‌ಗೆ ಇಳಿದರೆ ರಕ್ತಸ್ರಾವ ಕೈಮೀರಬಹುದು.

[ಪರದೆ: ಎರಡು ರಿಪೋರ್ಟ್, ಅಕ್ಕಪಕ್ಕ.]

ಮೈಕ್ರೋಸ್ಕೋಪಿನಡಿ ಕ್ರೋಮೋಸೋಮ್ ನೋಡುವ ಮಾಮೂಲಿ ಕ್ಯಾರಿಯೋಟೈಪ್‌ನಲ್ಲಿ ಇಂಥ ಸಣ್ಣ ಚೂರು ಇಲ್ಲದಿರುವುದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಅದು ನಾರ್ಮಲ್ ಬಂದಿದ್ದರೆ ಇನ್ನೂ ಸೂಕ್ಷ್ಮವಾಗಿ ನೋಡುವ ಮೈಕ್ರೋಅರೇ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕ್ರೋಮೋಸೋಮ್ ತೊಂದರೆ ಮೊದಲೇ ಗೊತ್ತಾಗಿದ್ದರೆ, ಎದೆಯಲ್ಲಿ ಮರ್ಮರ್, ಅಂದರೆ ಬಡಿತದ ಜೊತೆಗಿನ ಅಸಹಜ ಸದ್ದು, ಕೇಳಿಸದಿದ್ದರೂ ಎಕೋ ಒಮ್ಮೆ ಮಾಡಿಸಬೇಕು.

ಬಸಿರಲ್ಲಿ ಏನೋ ತಿಂದದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಸುಮ್ನೆ ಹೇಳಿದರೆ ನಂಬಬೇಡಿ. 22ಕ್ಯು ಡಿಲೀಷನ್ 10ರಲ್ಲಿ ಸುಮಾರು 9 ಮಕ್ಕಳಲ್ಲಿ ಹೊಸದಾಗಿಯೇ ಆಗಿರುತ್ತದೆ. ಉಳಿದವರಿಗೆ ಅಪ್ಪ ಅಥವಾ ಅಮ್ಮನಿಂದ ಬಂದಿರುತ್ತದೆ. ಆಗ ಮುಂದಿನ ಮಗುವಿಗೂ ಬರುವ ಸಾಧ್ಯತೆ 50 ಪರ್ಸೆಂಟ್. ಹಾಗಾಗಿ ಇನ್ನೊಂದು ಮಗುವಿನ ಯೋಚನೆ ಇದ್ದರೆ ಇಬ್ಬರೂ ರಕ್ತಪರೀಕ್ಷೆ ಮಾಡಿಸಿ.